ಹಿದುಕಿದ ಬೇಳೆಯ ಹಿಂದಿನ ಚರಿತ್ರೆ

ಮಾರ್ಗಶಿರ ಕಾಲಿಟ್ಟು, ಬೆಳಗಿನ ಮಂಜು ಸಾವನದುರ್ಗದ ಬಂಡೆಯನ್ನು ಅರ್ಧ ನುಂಗುವ ದಿನಗಳಲ್ಲಿ ನೀವೊಮ್ಮೆ ಮಾಗಡಿಗೆ ಹೋಗಿ ಬನ್ನಿ. ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್. ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತದೆ. ರಸ್ತೆ ಬದಿಯಲ್ಲಿ ಗೋಣಿಚೀಲ ಬಿಚ್ಚಿ ಸುರಿದ ಅವರೆಕಾಯಿಯ ಸೊಗಡು ಅದು. ದೂರದರ್ಶನದ ಪರದೆ ಆ ಕಾಯಿಯ ಹಸಿರನ್ನು ನಿಮ್ಮ ಮನೆಗೆ ತಂದು ತೋರಿಸಬಲ್ಲದು, ಸೊಗಡನ್ನು ತರಲಾರದು. ಆದ್ದರಿಂದ ಈ ಪುಟಗಳನ್ನು ಒಂದು ಮೊರ ಕಾಯಿ ಎದುರಿಗಿಟ್ಟುಕೊಂಡು ಓದಿದರೆ ಒಳ್ಳೆಯದು.

ಚರಿತ್ರೆ ಎಂದೊಡನೆ ಮಾಗಡಿಯವರಿಗೆ ಕೆಂಪೇಗೌಡರು ನೆನಪಾಗುತ್ತಾರೆ, ಕೋಟೆ ನೆನಪಾಗುತ್ತದೆ, ಸೋಮೇಶ್ವರ ದೇವಾಲಯ ಮತ್ತು ತಿರುಮಲೆಯ ರಂಗನಾಥಸ್ವಾಮಿ ನೆನಪಾಗುತ್ತಾರೆ. ಇನ್ನೂ ಸ್ವಲ್ಪ ಓದಿಕೊಂಡವರು 1791ರ ಡಿಸೆಂಬರ್ 21ನ್ನು ಹೇಳಿಯಾರು. ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನ ವಶದಲ್ಲಿದ್ದ ಸಾವನದುರ್ಗವನ್ನು ಹಿಡಿದದ್ದು ಅಂದು. ಆ ತಿಂಗಳು ದುರ್ಗದ ಸುತ್ತಿನ ಸೀಮೆಯಲ್ಲಿ ರಾಗಿ ಕೊಯ್ಲು ಮುಗಿದು ಅವರೆ ಕಾಯಿ ಕಟ್ಟುವ ತಿಂಗಳು ಎಂಬುದನ್ನು ಮಾತ್ರ ಯುದ್ಧದ ಕಥೆ ಹೇಳುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಲದ ಚರಿತ್ರೆ ಕೋಟೆಯ ಚರಿತ್ರೆಯಷ್ಟು ಸದ್ದು ಮಾಡುವುದಿಲ್ಲ ನೋಡಿ. ಅದೃಷ್ಟಕ್ಕೆ, ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನಿಗೆ ಹೊಲದ ಮೇಲೂ ಕಣ್ಣಿತ್ತು. ರಾಗಿಯ ಜೊತೆ ಅವರೆಯನ್ನು ಬಿತ್ತುವ ನಮ್ಮವರ ಪದ್ಧತಿ ಅವನ ಬರವಣಿಗೆಯಲ್ಲಿ ದಾಖಲಾಗಿದೆ.

ಆ ಪದ್ಧತಿಗೆ ನಮ್ಮ ಕಡೆ ಅಕ್ಕಡಿ ಸಾಲು ಎಂದು ಹೆಸರು. ರಾಗಿಯ ಕೆಲವು ಸಾಲಿಗೆ ಒಂದರಂತೆ ಅವರೆಯ ಸಾಲು, ಅಲ್ಲಲ್ಲಿ ಹರಳು, ಸಾಸಿವೆ, ಜೋಳ. ಮಳೆಗಾಲವೆಲ್ಲ ರಾಗಿಯೇ ಯಜಮಾನ. ಅವರೆ ಅದರ ಕಾಲಬಳಿ ಸುಮ್ಮನೆ ಬೆಳೆಯುತ್ತಿರುತ್ತದೆ. ರಾಗಿ ಕೊಯ್ದ ಮೇಲೆ ಹೊಲ ಪೂರ್ತಿ ಅವರೆಯದು. ನೆಲದಲ್ಲಿ ಉಳಿದ ತೇವ, ರಾತ್ರಿಯ ಇಬ್ಬನಿ, ಹಗಲಿನ ಎಳೆಬಿಸಿಲು, ಇಷ್ಟೇ ಅದಕ್ಕೆ ಸಾಕು. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂವನ್ನೇ ಬಿಡುವುದಿಲ್ಲ. ಎಷ್ಟು ಬೇಗ ಬಿತ್ತಿದರೂ ಅದು ಚಳಿಗಾಲದ ಹೊತ್ತು ನೋಡಿಕೊಂಡೇ ಹೂಬಿಡುವ ಗಿಡ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಟ್ಟು, ಮುಂದಿನ ರಾಗಿಗೆ ಗೊಬ್ಬರದ ಸಾಲವನ್ನೂ ತೀರಿಸಿ ಹೋಗುತ್ತದೆ. ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಒಂದು ಅಂಟು ಒಸರುತ್ತದಲ್ಲ, ಕೈಗೆ ಹತ್ತಿದರೆ ತೊಳೆದರೂ ಬಿಡದು, ಅದೇ ಸೊಗಡು. ಇಬ್ಬನಿ ಬಿದ್ದಷ್ಟೂ ಸೊಗಡು ಏರುತ್ತದೆ ಎನ್ನುವುದು ರೈತರ ಮಾತು.

ಅವರೆ ನಮ್ಮಲ್ಲಿಗೆ ಬಂದದ್ದು ಎಂದಿನಿಂದ? ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಿಂದಿನ ನೆಲೆಗಳ ಅಗೆತದಲ್ಲಿ ಸುಟ್ಟು ಕರಿಕಾದ ಅವರೆ ಕಾಳು ಸಿಕ್ಕಿದೆ. ಆದರೆ ಅದರ ಕಾಡುತಳಿ ಬೆಳೆಯುವುದು ಆಫ್ರಿಕಾದಲ್ಲಿ, ಹೀಗಾಗಿ ತವರು ಅಲ್ಲಿಯದೇ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ರಾಗಿಯ ತವರೂ ಆಫ್ರಿಕಾವೇ. ಮುದ್ದೆ ಮತ್ತು ಅವರೆಕಾಳಿನ ಸಾರು, ನಮ್ಮ ಊಟಗಳಲ್ಲೆಲ್ಲ ತೀರ ನಮ್ಮದೆನ್ನುವ ಈ ಜೋಡಿ, ಎರಡೂ ಸಮುದ್ರ ದಾಟಿ ಬಂದ ನೆಂಟರು!

ಇಲ್ಲಿ ಒಂದು ಜನಪ್ರಿಯ ಕಥೆಯನ್ನೂ ಮುಟ್ಟದೆ ಮುಂದೆ ಹೋಗಲಾಗದು. ದಾರಿ ತಪ್ಪಿದ ಹೊಯ್ಸಳ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು ಎಂಬ ಕಥೆ. ಆ ಕಾಳು ಅವರೆಯೇ ಎಂದು ಪಂಥ ಕಟ್ಟುವವರಿದ್ದಾರೆ. ಕಥೆ ಸೊಗಸಾಗಿದೆ, ಚರಿತ್ರೆಯಲ್ಲ. ಬೇಗೂರಿನ ದೇವಾಲಯದ ಆವರಣದಲ್ಲಿ ದೊರೆತ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗುಳೂರು’ ಎಂಬ ಹೆಸರು ಕೆತ್ತಿಯಾಗಿದೆ. ಹೊಯ್ಸಳ ಬಲ್ಲಾಳರು ಬಂದದ್ದು ಅದಾದ ಶತಮಾನಗಳ ನಂತರ.

ಅಡುಗೆಯ ಚರಿತ್ರೆಗೆ ಕನ್ನಡದಲ್ಲಿ ಗ್ರಂಥಗಳ ಬರವಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದು, ಮನೆ ಕಟ್ಟುವುದರ ಜೊತೆಗೆ ಅಡುಗೆಗೂ ಜಾಗ ಕೊಟ್ಟ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂದು ಇಡೀ ಗ್ರಂಥವನ್ನೇ ಅಡುಗೆಗೆ ಮೀಸಲಿಟ್ಟ, ಅದೂ ಷಟ್ಪದಿಯಲ್ಲಿ. ಅವನ ಕಾಲದ ಅಡುಗೆಮನೆಯಲ್ಲಿ ಇಂದಿನ ಸಾರಿನ ಬಣ್ಣ ಹುಡುಕಿದರೆ ಸಿಗದು. ಒಣಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಕಡಲೆಕಾಯಿ, ಇವೆಲ್ಲ ಅಮೆರಿಕ ಖಂಡದಿಂದ ಯುರೋಪಿನವರ ಹಡಗುಗಳ ಮೂಲಕ ಆಮೇಲೆ ಬಂದವು. ಖಾರಕ್ಕೆ ಆಗ ಮೆಣಸು, ಶುಂಠಿ. ಇಂದು ಮಾಗಡಿ ಮನೆಗಳಲ್ಲಿ ಕುದಿಯುವ ಪಾತ್ರೆಯಲ್ಲಿ ತೀರ ಹಳಬರೆಂದರೆ ಕಾಳು, ತೆಂಗು, ಕೊತ್ತಂಬರಿ ಬೀಜ ಮೊದಲಾದ ಕೆಲವೇ ಮಂದಿ.

ಇನ್ನು ಹಿದುಕುವ ಕೆಲಸಕ್ಕೆ ಬರೋಣ. ಚಳಿಗಾಲದ ಸಂಜೆಗೆ ಮನೆಯೊಳಗೆ ಮಾಡಲು ಹೊಸ ಹವ್ಯಾಸ ಬೇಕೆಂದು ಕೇಳುವವರಿಗೆ ನಾನು ಇದನ್ನೇ ಹೇಳುವುದು. ಸುಲಿದ ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಹಿಡಿದು ಒತ್ತಿದರೆ ಬೇಳೆ ಚಿಮ್ಮಿ ಹೊರಬರುತ್ತದೆ. ಮೊದಲ ದಿನ ಅರ್ಧ ಬೇಳೆ ನೆಲದ ಮೇಲೆ ಬೀಳುತ್ತದೆ, ಬೀಳಲಿ. ಒಬ್ಬರೇ ಕೂತರೆ ಬೇಸರ, ನಾಲ್ವರು ಕೂತರೆ ಹರಟೆ. ಅಜ್ಜಿಯ ಬೆರಳಿನ ವೇಗಕ್ಕೆ ಮೊಮ್ಮಗ ಸರಿಸಾಟಿಯಾಗಲಾರ. ಬೇಳೆಗೆ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕಾಯಿತುರಿ, ಶುಂಠಿ, ಬೆಳ್ಳುಳ್ಳಿ, ಚೂರು ಚಕ್ಕೆ, ಲವಂಗ ಹುರಿದು ರುಬ್ಬಿದ ಮಸಾಲೆ. ಬೇಳೆ ಬೇಗ ಬೇಯುತ್ತದೆ, ಕರಗಿಸಿಬಿಡಬಾರದು. ಮುದ್ದೆಗೂ ಸೈ, ದೋಸೆಗೂ ಸೈ. ಕಾಳುಗಳಲ್ಲಿ ಒಂದಿಷ್ಟನ್ನು ಹಿದುಕದೆ ಅಕ್ಕಿರೊಟ್ಟಿಗೆ, ಉಪ್ಪಿಟ್ಟಿಗೆ ಎತ್ತಿಡಿ. ಸಂಕ್ರಾಂತಿ ಹತ್ತಿರ ಬಂದಾಗ ಮರದ ಅಚ್ಚಿನಲ್ಲಿ ಸಕ್ಕರೆ ಅಚ್ಚು ಹೊಯ್ಯುವುದು, ಕೊಬ್ಬರಿ ಬೆಲ್ಲ ಸಣ್ಣಗೆ ಹೆಚ್ಚುವುದು, ಹಬ್ಬದ ದಿನ ಇಡೀ ಅವರೆಕಾಯಿ, ಕಡಲೆಕಾಯಿ, ಗೆಣಸು ಬೇಯಿಸುವುದು, ಇವೂ ಇದ್ದೇ ಇವೆ. ಅವುಗಳ ಮಾತು ಇನ್ನೊಮ್ಮೆ.

ಈಗ ಸ್ವಲ್ಪ ಕಹಿ ಮಾತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ‘ಹೆಬ್ಬಾಳ ಅವರೆ’ಯ ತಳಿಗಳನ್ನು ಕೊಟ್ಟಿದೆ. ಅವುಗಳಲ್ಲಿ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದಕ್ಕೆ ಅಂಜುವುದಿಲ್ಲ, ನೀರಿದ್ದರೆ ವರ್ಷದ ಯಾವ ಕಾಲದಲ್ಲೂ ಬೆಳೆಯುತ್ತವೆ. ಗಿಡ ಗಿಡ್ಡ, ಕೊಯ್ಲು ಬೇಗ. ರೈತನ ಕೈಗೆ ಬೇಸಿಗೆಯಲ್ಲೂ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲು ನಾವು ಯಾರು? ಆದರೆ ಚಳಿಗಾಲದ ನಾಟಿ ಕಾಯಿಯ ಸೊಗಡು ಬೇಸಿಗೆಯ ಕಾಯಿಗೆ ಇಲ್ಲ ಎಂಬುದು ತಿಂದವರೆಲ್ಲ ಬಲ್ಲ ಸಂಗತಿ. ನಾಟಿ ಬೀಜ ಉಳಿಯುವುದು ಅಕ್ಕಡಿ ಸಾಲು ಉಳಿದರೆ. ಅಕ್ಕಡಿ ಉಳಿಯುವುದು ರಾಗಿ ಹೊಲ ಉಳಿದರೆ. ಬೆಂಗಳೂರು ಮಾಗಡಿ ರಸ್ತೆಯುದ್ದಕ್ಕೂ ಹತ್ತಿರವಾಗುತ್ತ ಬಂದಂತೆ ಹೊಲಕ್ಕಿಂತ ನಿವೇಶನಕ್ಕೆ ಬೆಲೆ ಹೆಚ್ಚು. ಅತ್ತ ಬೆಂಗಳೂರಿನಲ್ಲಿ ಎರಡು ದಶಕಗಳಿಗೂ ಮಿಗಿಲಾಗಿ ಜನವರಿಯ ಸುಮಾರಿಗೆ ಅವರೆಬೇಳೆ ಮೇಳ ನಡೆಯುತ್ತ ಬಂದಿದೆ. ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಆರಂಭವಾದ ಆ ಮೇಳಕ್ಕೆ ಮಾಗಡಿ ಸೀಮೆಯ ಕಾಯಿ ಹೋಗುತ್ತದೆ. ಅಲ್ಲಿ ಜಿಲೇಬಿಗೂ ಅವರೆ ಸೇರಿಸುತ್ತಾರೆ. ನನಗೆ ರುಚಿಸಲಿಲ್ಲ, ನಿಮಗೆ ರುಚಿಸೀತು. ಹಿದುಕಿದ ಬೇಳೆ ಸಿದ್ಧವಾಗಿ ಸೇರಿನ ಲೆಕ್ಕದಲ್ಲಿ ಸಿಗುವುದರಿಂದ ಮನೆಯಲ್ಲಿ ಹಿದುಕುವ ಕೈಗಳೂ ಕಡಿಮೆಯಾಗುತ್ತಿವೆ. ಆ ಬೇಳೆಯನ್ನು ಮಾರುವುದಕ್ಕಾಗಿ ದಿನವಿಡೀ ಕೂತು ಹಿದುಕುವ ಹೆಂಗಸರಿಗೆ ಮಾತ್ರ ಇದು ಹವ್ಯಾಸವಲ್ಲ, ಕೂಲಿ ಎಂಬುದು ನೆನಪಿರಲಿ. ಅವರ ಹತ್ತಿರ ಚೌಕಾಸಿ ಮಾಡುವಾಗ ಒಮ್ಮೆ ಬೆರಳುಗಳ ತುದಿ ನೋಡಿ.

ಕೊಳ್ಳುವಾಗ ಕಾಯಿಯನ್ನು ಉಜ್ಜಿ ಮೂಸಿ. ಅಂಟು ಕೈಗೆ ಹತ್ತಬೇಕು, ಕಾಳು ತುಂಬಿ ಸಿಪ್ಪೆ ಇನ್ನೂ ಹಸಿರಿರಬೇಕು. ಹುಳು ಕಂಡರೆ ಎಸೆಯಬೇಡಿ, ಆ ಕಾಳೊಂದನ್ನು ಬಿಟ್ಟು ಉಳಿದದ್ದು ಬಳಸಿ. ಬಲಿತು ಒಣಗಿದ ಒಂದೆರಡು ನಾಟಿ ಕಾಯಿ ಸಿಕ್ಕರೆ ಬೀಜ ಎತ್ತಿಟ್ಟುಕೊಳ್ಳಿ. ಮುಂಗಾರಿನಲ್ಲಿ ಹಿತ್ತಲಿನಲ್ಲೋ ದೊಡ್ಡ ಕುಂಡದಲ್ಲೋ ಊರಿದರೆ, ದೀಪಾವಳಿ ಕಳೆದ ಮೇಲೆ ಹೂವು ನೋಡುವಿರಿ. ಸುಲಿದ ಸಿಪ್ಪೆಯನ್ನು ಬೀದಿಯ ಹಸುವಿಗೆ ಹಾಕಿ, ಅದಕ್ಕೂ ಈ ಕಾಲದ ಊಟ ಇದೇ.