ಮುರಕಲ್ಲು ಕಲಿಸಿದ ಪಾಠ

ಅಧ್ಯಾಪಕ ತರಬೇತಿಯಲ್ಲಿ ನಾವು ಭೂವಿಜ್ಞಾನವನ್ನು ಓದುವಾಗ ‘ಜಂಬಿಟ್ಟಿಗೆ’ ಎಂಬ ಶಿಲೆಯ ಲಕ್ಷಣಗಳನ್ನು ಬಾಯಿಪಾಠ ಮಾಡಿದೆವು. ಕಾಸರಗೋಡಿನ ನಮ್ಮ ಮನೆಗಳ ಗೋಡೆಯಲ್ಲಿರುವ ಮುರಕಲ್ಲೇ ಅದೆಂಬುದು ನಮಗೆ ಹೊಳೆದಿರಲಿಲ್ಲ.

ಈ ಶಿಲೆಗೆ ವಿಜ್ಞಾನದಲ್ಲಿ ಹೆಸರು ದೊರೆತದ್ದು ನಮ್ಮ ನೆರೆಯಲ್ಲಿಯೇ. 1800–01ರಲ್ಲಿ ದಕ್ಷಿಣ ಭಾರತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಕರೆದನು. ಲ್ಯಾಟಿನ್ ಭಾಷೆಯ ‘ಲೇಟರ್’ ಎಂದರೆ ಇಟ್ಟಿಗೆ. ನೆಲದಿಂದ ಕಡಿಯುವಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಇದರ ಗುಣ. ಭಾರೀ ಮಳೆ ಸಿಲಿಕಾವನ್ನು ತೊಳೆದೊಯ್ದ ಮೇಲೆ ಉಳಿಯುವ ಕಬ್ಬಿಣದ ಆಕ್ಸೈಡಿನಿಂದ ಇದಕ್ಕೆ ಕೆಂಪುಬಣ್ಣ. ಬೇಕಲ ಕೋಟೆ ಎದ್ದುನಿಂತದ್ದೂ ಇದೇ ಕಲ್ಲಿನಿಂದ.

ಅಧ್ಯಾಪಕರಾದ ಮೇಲೆ ನಾವೂ ಮಕ್ಕಳಿಂದ ಅದನ್ನೇ ಬಾಯಿಪಾಠ ಮಾಡಿಸಿದೆವು. ಒಂದು ದಿನ ಪದವಿಗೆ ಕರೆದೊಯ್ದು ಕಲ್ಲನ್ನು ತೋರಿಸಿದಾಗ, ತರಗತಿಯಲ್ಲಿ ತುಟಿ ತೆರೆಯದಿದ್ದ ಹುಡುಗನೊಬ್ಬನು, “ಇದರೊಳಗೆ ನೀರುಂಟು ಟೀಚರ್, ನಮ್ಮ ಅಜ್ಜ ಸುರಂಗ ಕೊರೆದಿದ್ದಾರೆ” ಎಂದನು. ಕಲ್ಲಿನ ರಂಧ್ರಗಳಲ್ಲಿ ಇಂಗಿದ ಮಳೆನೀರು ಯಂತ್ರವಿಲ್ಲದೆ ಹರಿದುಬರುವ ಬಗೆಯನ್ನು ಆ ದಿನ ಅವನೇ ವಿವರಿಸಿದನು.

ಮಕ್ಕಳಿಗೆ ಗೊತ್ತಿಲ್ಲವೆಂದು ನಾವು ಬರೆದಿಟ್ಟ ಅಂಕಗಳಲ್ಲಿ ಎಷ್ಟು ನಮ್ಮ ತಪ್ಪೋ! ಅಂದಿನಿಂದ ಪಾಠವನ್ನು ಮುರಕಲ್ಲಿನಿಂದ ಆರಂಭಿಸಿ, ಜಂಬಿಟ್ಟಿಗೆ ಎಂಬ ಹೆಸರನ್ನು ಅನಂತರ ಹೇಳುತ್ತಾ ಬಂದಿದ್ದೇವೆ.