ಕೃಷಿ ಮಂತ್ರಿಗೆ ನಾವು ವೋಟ್ ಹಾಕ್ತೀವಾ? ಮೂರು ಊರು, ಒಂದು ಪ್ರಶ್ನೆ

1/6
ಫ್ರೆಂಡ್ಸ್, ಇವತ್ತಿನ ಪ್ರಶ್ನೆ: ಕರ್ನಾಟಕದ ಕೃಷಿ ಮಂತ್ರಿಯನ್ನ ಆರಿಸೋರು ಯಾರು?

"ಜನ" ಅಂತ ಬರೆದ್ರೆ ಅರ್ಧ ಮಾರ್ಕ್ಸ್ ಅಷ್ಟ. ಜನ ಆರಿಸೋದು ಶಾಸಕರನ್ನ. ಅವರಲ್ಲಿ ಯಾರಿಗೆ ಕೃಷಿ ಖಾತೆ ಅನ್ನೋದು ಮುಖ್ಯಮಂತ್ರಿಗೆ ಬಿಟ್ಟಿದ್ದು.

ನಮ್ಮ ಜಿಲ್ಲೆಯ ಉದಾಹರಣೆನೇ ನೋಡ್ರಿ. ಹಿರೇಕೆರೂರಿನ ಬಿ.ಸಿ. ಪಾಟೀಲ್ 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದರು. 2020ರ ಫೆಬ್ರವರಿಯಲ್ಲಿ ಕೃಷಿ ಸಚಿವರಾದರು. ಹಿರೇಕೆರೂರಿನ ಮತದಾರರು ಬಟನ್ ಒತ್ತಿದಾಗ ಅದರ ಮೇಲೆ "ಕೃಷಿ" ಅಂತ ಬರೆದಿರಲಿಲ್ಲ. ಬೀದರ್ ರೈತನಿಗಾಗಲಿ, ಮಂಡ್ಯದ ರೈತನಿಗಾಗಲಿ ಈ ವಿಷಯದಲ್ಲಿ ಮತವೇ ಇರಲಿಲ್ಲ. ಯಾವ ಪಕ್ಷ ಬಂದರೂ ಪದ್ಧತಿ ಇದೇ.

ಹಂಗಾದ್ರ ಬೇರೆ ಪದ್ಧತಿ ಎಲ್ಲಾದ್ರೂ ಐತಾ? ಐತಿ.

2/6
ಅಮೆರಿಕದ ಟೆಕ್ಸಾಸ್, ಜಾರ್ಜಿಯಾ, ಕೆಂಟಕಿಯಂಥ ಕೆಲವು ರಾಜ್ಯಗಳಲ್ಲಿ "ಕೃಷಿ ಕಮಿಷನರ್" ಅನ್ನೋ ಹುದ್ದೆ ಇದೆ. ಅದಕ್ಕೆ ಇಡೀ ರಾಜ್ಯದ ಜನ ನೇರವಾಗಿ ಮತ ಹಾಕ್ತಾರೆ. ನಮ್ಮಲ್ಲಿ ಕೃಷಿ ಆಯುಕ್ತರು ಅಂದ್ರೆ ಸರ್ಕಾರ ನೇಮಿಸೋ ಅಧಿಕಾರಿ. ಅಲ್ಲಿ ಪ್ರಚಾರ ಮಾಡಿ ಗೆದ್ದು ಬರಬೇಕು. ಕೆಲಸ ಬರೀ ಹೊಲದ್ದಲ್ಲ. ಜಾರ್ಜಿಯಾದಲ್ಲಿ ಪೆಟ್ರೋಲ್ ಬಂಕಿನ ಅಳತೆ ಸರಿ ಇದೆಯಾ ಅಂತ ನೋಡೋದೂ ಕೃಷಿ ಇಲಾಖೆಯೇ.

ಅಲ್ಲಿ ಎಲ್ಲಾ ಚೆನ್ನಾಗೈತಿ ಅನ್ಕೋಬ್ಯಾಡ್ರಿ. ಟೆಕ್ಸಾಸ್‌ನಲ್ಲಿ ಜಿಮ್ ಹೈಟವರ್ 1982ರಲ್ಲಿ ಈ ಹುದ್ದೆಗೆ ಗೆದ್ದರು. ಕೀಟನಾಶಕ ಬಳಕೆಗೆ ಬಿಗಿ ನಿಯಮ ತಂದರು. ಹೊಲದಲ್ಲಿ ದುಡಿಯೋ ಕೂಲಿಕಾರರಿಗೆ ಅದು ಬೇಕಿತ್ತು, ದೊಡ್ಡ ಜಮೀನ್ದಾರರಿಗೂ ಔಷಧ ಕಂಪನಿಗಳಿಗೂ ಬೇಕಿರಲಿಲ್ಲ. 1990ರಲ್ಲಿ ಅವರನ್ನ ಸಣ್ಣ ಅಂತರದಲ್ಲಿ ಸೋಲಿಸಿದವರು ರಿಕ್ ಪೆರಿ. ಅದೇ ಪೆರಿ ಮುಂದೆ ಟೆಕ್ಸಾಸ್ ಗವರ್ನರ್ ಆದರು.

ಅಂದ್ರ ನೇರ ಚುನಾವಣೆ ಇದ್ದರೂ ಹಣ, ಪ್ರಭಾವ ಎಲ್ಲೂ ಹೋಗಲ್ಲ. ಆದ್ರೆ ಒಂದು ಲಾಭ ಇದೆ: ತಪ್ಪಾದ್ರೆ ಯಾರನ್ನ ಕೇಳಬೇಕು ಅನ್ನೋದು ಮತದಾರನಿಗೆ ಗೊತ್ತಿರುತ್ತೆ.

3/6
ನಮ್ಮ ರೈತರಿಗೂ "ಕೃಷಿ" ಅಂತ ಹೆಸರಿರೋ ಒಂದು ಮತ ಐತಿ. ಅದೇ ಎಪಿಎಂಸಿ ಚುನಾವಣೆ.

ಇದರ ಕಥೆ ಹಳೇದು. ಹಿಂದೆ ದೇಶದ ಎಷ್ಟೋ ಪೇಟೆಗಳಲ್ಲಿ ವ್ಯಾಪಾರಿಗಳು ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡ್ತಿದ್ದರು. ಮಾಲು ತಂದ ರೈತನಿಗೆ ಎದುರಿಗೇ ನಿಂತಿದ್ದರೂ ರೇಟು ಗೊತ್ತಾಗ್ತಿರಲಿಲ್ಲ. ತೂಕದಲ್ಲಿ ಕಡಿತ ಬೇರೆ. ಇಂಥ ಪೇಟೆಗಳಿಗೆ ಕಾಯ್ದೆಯ ಅಂಕೆ ಬೇಕು ಅಂತ 1928ರಲ್ಲಿ ಬ್ರಿಟಿಷ್ ಸರ್ಕಾರದ ರಾಯಲ್ ಕೃಷಿ ಆಯೋಗ ಶಿಫಾರಸು ಮಾಡಿತು. ನಮ್ಮ ಭಾಗ ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಮುಂಬೈ ಪ್ರಾಂತ 1939ರಲ್ಲಿ ಮಾರುಕಟ್ಟೆ ಕಾಯ್ದೆ ಮಾಡಿತು. ಏಕೀಕರಣವಾದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಆಗಿ ಬಂದದ್ದು 1966ರ ಕಾಯ್ದೆ.

ಆ ಕಾಯ್ದೆಯ ಮುಖ್ಯ ವಿಚಾರ ಸರಳ: ಪೇಟೆ ನಡೆಸೋ ಸಮಿತಿಯಲ್ಲಿ ರೈತರು ಆರಿಸಿದ ರೈತರೇ ಹೆಚ್ಚಿರಬೇಕು. ದಲಾಲರು, ಖರೀದಿದಾರರು ಇರಲಿ, ಆದರೆ ಅವರದ್ದೇ ಕೈ ಮೇಲಾಗಬಾರದು.

4/6
ಈಗ ಮೂರು ಊರಿಗೆ ಬರೋಣ. ರೈತನಿಗೆ ಬೇಕಾದ್ದು ಮೂರು: ಬೀಜ, ಗೊಬ್ಬರ, ಬೆಲೆ.

ಬೀಜ ಅಂದ್ರೆ ರಾಣೆಬೆನ್ನೂರು. ಹೈಬ್ರಿಡ್ ಹತ್ತಿ, ತರಕಾರಿ ಬೀಜಕ್ಕೆ ಹೆಸರಾದ ಊರು. ಬೀಜದ ಗುಣಮಟ್ಟ ನೋಡೋದು ಕೇಂದ್ರದ ಬೀಜ ಕಾಯ್ದೆ. ಅದೂ 1966ರದ್ದೇ! ಒಂದೇ ವರ್ಷದ ಎರಡು ಕಾಯ್ದೆ. ಮಾರೋ ಕಡೆ ರೈತನಿಗೆ ಮತ ಸಿಕ್ಕಿತು. ಬೀಜ ಕೊಳ್ಳೋ ಕಡೆ ಎಲ್ಲಾ ಅಧಿಕಾರಿಗಳ ಕೈಗೆ ಹೋಯಿತು. ಮೊಳಕೆ ಬರದಿದ್ರೆ ರೈತ ಅರ್ಜಿ ಕೊಡಬಹುದು.

ಗೊಬ್ಬರ ಅಂದ್ರೆ ಹಾವೇರಿಯ ನೆನಪು. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ರೈತರ ಹೆಸರಿನಲ್ಲಿ ಪ್ರಮಾಣವಚನ ತಗೊಂಡರು. ಜೂನ್ 10ರಂದು ಹಾವೇರಿಯಲ್ಲಿ ರೈತರು ಗೊಬ್ಬರಕ್ಕಾಗಿ ಬೀದಿಗೆ ಇಳಿದರು. ಪೊಲೀಸರು ಗೋಲಿಬಾರ್ ಮಾಡಿದರು. ಇಬ್ಬರು ರೈತರು ಜೀವ ಕಳಕೊಂಡರು. ಬಿತ್ತನೆ ಟೈಮು, ಹದ ಹೋದ್ರೆ ವರ್ಷವೇ ಹೋದಂಗ. ಗೊಬ್ಬರದ ಹಂಚಿಕೆ ದೆಹಲಿ, ಬೆಂಗಳೂರು, ಜಿಲ್ಲಾಡಳಿತ ಅಂತ ಮೂರು ಕಡೆ ಹಾದು ಬರುತ್ತೆ. ಯಾರನ್ನ ಕೇಳಬೇಕಿತ್ತು? ಆ ಪ್ರಶ್ನೆಗೆ ಒಂದೇ ಹೆಸರಿನ ಉತ್ತರ ಅವತ್ತೂ ಇರಲಿಲ್ಲ.

5/6
ಮೂರನೇದು ಬೆಲೆ, ಅಂದ್ರೆ ಬ್ಯಾಡಗಿ. 2011ರಲ್ಲಿ ಜಿಐ ಟ್ಯಾಗ್ ಪಡೆದ ಮೆಣಸಿನಕಾಯಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣ ತಿನಿಸಿಗೂ ಹೋಗ್ತದ, ಲಿಪ್‌ಸ್ಟಿಕ್‌ಗೂ ಹೋಗ್ತದ. ಸೋಮವಾರ, ಗುರುವಾರ ಪೇಟೆ. ಟೆಂಡರ್‌ನಲ್ಲಿ ದರ ತೀರ್ಮಾನ, ಟವೆಲ್ ಕೆಳಗಲ್ಲ.

2024ರ ಮಾರ್ಚ್ 11, ಸೋಮವಾರ. ದರ ಏಕಾಏಕಿ ಕುಸಿಯಿತು. ಸಿಟ್ಟಿಗೆದ್ದ ರೈತರ ಗುಂಪು ಎಪಿಎಂಸಿ ಕಚೇರಿಗೆ ನುಗ್ಗಿತು. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಸುಟ್ಟ ಕಚೇರಿಯಲ್ಲಿದ್ದದ್ದು ರೈತರದೇ ದಾಖಲೆ.

ಆದ್ರೆ ಒಂದು ವಿಷಯ ಗಮನಿಸ್ರಿ. ಎಪಿಎಂಸಿ ಮತ ಇರೋದು ಆ ಮಾರುಕಟ್ಟೆಯ ವ್ಯಾಪ್ತಿಯ ರೈತರಿಗೆ. ಬ್ಯಾಡಗಿಗೆ ಮಾಲು ಬರೋದು ಬಳ್ಳಾರಿ, ರಾಯಚೂರು ಕಡೆಯಿಂದ, ಆಂಧ್ರದಿಂದಲೂ. ರಾತ್ರಿಯೆಲ್ಲಾ ಲಾರಿಯಲ್ಲಿ ಚೀಲಗಳ ಜೊತೆ ಬಂದ ರೈತನಿಗೆ ಈ ಪೇಟೆಯಲ್ಲಿ ಮತ ಇಲ್ಲ. ಕೆಮ್ಮುತ್ತಾ ಮೆಣಸಿನಕಾಯಿ ತುಂಬು ಬಿಡಿಸೋ ಸಾವಿರಾರು ಹೆಣ್ಣುಮಕ್ಕಳು ಕೂಲಿಯವರು. ರೈತರ ಮತದಾರರ ಪಟ್ಟಿ ಅವರ ದುಡಿಮೆ ನೋಡಿ ಆಗೋದಲ್ಲ. ಪೇಟೆ ಬೆಳೆದು ರಾಜ್ಯ ದಾಟಿತು, ಮತ ಮಾತ್ರ ತಾಲ್ಲೂಕಿನಲ್ಲೇ ನಿಂತಿತು.

6/6
ಇದ್ದ ಮತಕ್ಕೂ ಶಕ್ತಿ ಎಷ್ಟು? 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಎಪಿಎಂಸಿ ಪ್ರಾಂಗಣದ ಹೊರಗೂ ವ್ಯಾಪಾರಕ್ಕೆ ದಾರಿ ಬಿಟ್ಟಿತು. ಸಮಿತಿಗಳ ಶುಲ್ಕದ ಆದಾಯ ಬಿದ್ದುಹೋಯಿತು. 2023ರಲ್ಲಿ ಹೊಸ ಸರ್ಕಾರ ಬಂದು ಆ ತಿದ್ದುಪಡಿ ವಾಪಸ್ ಪಡೆಯೋ ಮಸೂದೆ ತಂದಿತು. ಯಾವುದು ಸರಿ ಅನ್ನೋ ವಾದ ಬೇರೆ. ಎರಡು ಸಲವೂ ತೀರ್ಮಾನ ಆದದ್ದು ಬೆಂಗಳೂರಿನಲ್ಲಿ. ರೈತ ಆರಿಸಿದ ಸಮಿತಿಗೆ ಸುದ್ದಿ ಪೇಪರಿನಲ್ಲಿ ಬಂತು ಅಂದರೂ ತಪ್ಪಿಲ್ಲ.

ಹಂಗಾಗಿ ನನ್ನ ಅನಿಸಿಕೆ: ಟೆಕ್ಸಾಸ್ ತರಹ ಇಡೀ ರಾಜ್ಯಕ್ಕೊಂದು ಕೃಷಿ ಚುನಾವಣೆ ನಮಗೆ ಬೇಕೇ ಬೇಕು ಅಂತಲ್ಲ. ಇರೋ ಸಣ್ಣ ಮತವನ್ನ ಸರಿ ಮಾಡೋಣ. ಮಾಲು ತಂದು ಮಾರೋ ರೈತನಿಗೆ ಪೇಟೆಯಲ್ಲಿ ಮಾತಿರಲಿ, ಅವನ ಊರು ಯಾವುದೇ ಇರಲಿ. ದುಡಿಯೋ ಅವ್ವಂದಿರ ಹೆಸರು ಪಹಣಿಯಲ್ಲೂ ಬರಲಿ. ಬೀಜ, ಗೊಬ್ಬರದ ವಿಷಯಕ್ಕೆ ಉತ್ತರ ಕೊಡೋರು ಯಾರು ಅಂತ ಪ್ರತಿ ತಾಲ್ಲೂಕಿನಲ್ಲೂ ಬೋರ್ಡ್ ಹಾಕಿ ಹೇಳಲಿ.

ಇವತ್ತು ಮನೆಗೆ ಹೋಗಿ ಅಪ್ಪ, ಅವ್ವ, ಅಜ್ಜನ್ನ ಕೇಳ್ರಿ: ಎಪಿಎಂಸಿ ಚುನಾವಣೆಗೆ ನಮ್ಮ ಮನೆಯಿಂದ ಯಾರ ಹೆಸರು ಪಟ್ಟಿಯಲ್ಲಿತ್ತು? ಕೊನೇ ಸಲ ಮತ ಹಾಕಿದ್ದು ಯಾವಾಗ? ಉತ್ತರ ಕಾಮೆಂಟ್‌ನಲ್ಲಿ ಬರೀರಿ. ಊರಿನ ಹೆಸರು ಮರೀಬ್ಯಾಡ್ರಿ.

#ಹಾವೇರಿ #ರಾಣೆಬೆನ್ನೂರು #ಬ್ಯಾಡಗಿ #ಎಪಿಎಂಸಿ #ನಮ್ಮಜಿಲ್ಲೆನಮ್ಮಇತಿಹಾಸ