ಇಪ್ಪತ್ತೆರಡೂವರೆ ನಿಮಿಷದ ಪಾಠ

ನಮ್ಮ ತಂದೆಯವರು ರಾಯಚೂರು ಸೀಮೆಯ ಒಂದು ಹಳ್ಳಿಯಲ್ಲಿ ಏಕೋಪಾಧ್ಯಾಯರಾಗಿದ್ದರು. ಶಾಲೆಯ ಮೂಲೆಯಲ್ಲಿ ಒಂದು ಖಾಲಿ ಮರದ ಕಪಾಟಿತ್ತು. ನಾನು ಅಕ್ಷರ ತಿದ್ದುವ ಹೊತ್ತಿಗೆ ಅದರಲ್ಲಿ ಹಲ್ಲಿಗಳು ಸಂಸಾರ ಹೂಡಿದ್ದವು. "ಇದರೊಳಗೆ ಆಕಾಶದಿಂದ ಪಾಠ ಇಳಿಯುತ್ತಿತ್ತು" ಎಂದು ಅವರು ಹೇಳಿದಾಗ ನಾನದನ್ನು ಪುರಾಣವೆಂದೇ ಬಗೆದಿದ್ದೆ.

ಪುರಾಣವಲ್ಲ, ಇತಿಹಾಸ. 1969ರಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಂದು ಒಪ್ಪಂದವಾಯಿತು. ಅದಕ್ಕಾಗಿ ದುಡಿದ ವಿಕ್ರಮ್ ಸಾರಾಭಾಯಿಯವರು ಫಲವನ್ನು ಕಾಣಲಿಲ್ಲ; 1971ರ ಡಿಸೆಂಬರಿನಲ್ಲಿ ತೀರಿಕೊಂಡರು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಎಟಿಎಸ್-6 ಎಂಬ ಎರವಿನ ಉಪಗ್ರಹವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಚಿತ್ರಗಳನ್ನು ನೇರವಾಗಿ ಕಳುಹಿಸಿತು. ನಮ್ಮಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ. ಸುಮಾರು 10 ಅಡಿ ಅಗಲದ, ಕೋಳಿಬಲೆ ಬಿಗಿದ ಕೊಡೆಯೇ ಆಂಟೆನಾ. ವಿದ್ಯುತ್ತಿಲ್ಲದ ಕೆಲವೂರುಗಳಲ್ಲಿ ಬ್ಯಾಟರಿಯೇ ಗತಿ.

ಯಂತ್ರದ ಮಾತು ಇರಲಿ. ನನ್ನನ್ನು ಕಾಡುವುದು ಬೆಳಗಿನ ಶಾಲಾ ಕಾರ್ಯಕ್ರಮ. ಒಂದೂವರೆ ಗಂಟೆಯನ್ನು ಹಿಂದಿ, ಕನ್ನಡ, ಒರಿಯಾ, ತೆಲುಗುಗಳಿಗೆ ಸಮನಾಗಿ ಹಂಚಿದ್ದರು. ಕನ್ನಡದ ಪಾಲು ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಕಾರ್ಯಕ್ರಮಗಳಿಗೂ ನೆಲೆ ಹೈದರಾಬಾದಿನ ನಿರ್ಮಾಣ ಕೇಂದ್ರ! ಅಲ್ಲಿಂದ ಬಂದ ಗ್ರಾಂಥಿಕ ಮಾತನ್ನು ನಮ್ಮ ತಂದೆಯವರು ಊರ ಮಾತಿಗೆ ತಿರುಗಿಸಿ ಹೇಳುವಷ್ಟರಲ್ಲಿ ಚಿತ್ರ ಮುಂದೆ ಓಡಿರುತ್ತಿತ್ತಂತೆ. ಪೆಟ್ಟಿಗೆಗೆ "ಸ್ವಲ್ಪ ತಾಳು" ಎನ್ನುವಂತಿಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ ಪರದೆಯತ್ತ ಕೈಯೆತ್ತಿ ನಿಂತೇ ಇದ್ದನೆಂದು ಹೇಳಿ ಅವರು ನಗುತ್ತಿದ್ದರು. ಆ ನಗೆ ನನಗೆಂದೂ ಪೂರ್ತಿ ನಗೆಯೆನಿಸಿರಲಿಲ್ಲ.

ಮೇಷ್ಟ್ರುಗಳನ್ನು ಮರೆತಿದ್ದರೆಂದಲ್ಲ. ರಜೆಯಲ್ಲಿ ಹನ್ನೆರಡು ದಿನಗಳ ವಿಜ್ಞಾನ ತರಬೇತಿಯನ್ನು ಅದೇ ಪರದೆಯ ಮೂಲಕ, ಎರಡು ಸರದಿಯಲ್ಲಿ, ದೇಶದ ಸುಮಾರು 50,000 ಉಪಾಧ್ಯಾಯರಿಗೆ ಕೊಟ್ಟರು. ನನ್ನ ಮಟ್ಟಿಗೆ ಇಡೀ ಪ್ರಯೋಗದ ನಿಜವಾದ ಗಳಿಕೆ ಇದೇ. ತಂಬಿಗೆ, ದಾರ, ನಿಂಬೆಹಣ್ಣುಗಳಿಂದ ತಂದೆಯವರು ವಿಜ್ಞಾನ ಹೇಳುವುದನ್ನು ಕಲಿತದ್ದು ಅಲ್ಲೇ, ನಿವೃತ್ತಿಯವರೆಗೂ ಬಿಡಲಿಲ್ಲ.

1976ರ ಜುಲೈ 31ಕ್ಕೆ ಅವಧಿ ಮುಗಿಯಿತು. ಎರವಿನ ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಕೇಂದ್ರವೇನೋ ಬಂತು, ಆದರೆ ಅದರ ಅಲೆ ನಮ್ಮ ಹಳ್ಳಿಯವರೆಗೆ ಮುಟ್ಟಲಿಲ್ಲ. ಸೆಟ್ಟನ್ನು ಯಾರೋ ಬಂದು ಒಯ್ದರು. ಕೊಡೆಯ ಬಲೆ ಮಾತ್ರ ಕೆಲಕಾಲ ಬಿಸಿಲಲ್ಲಿ ಬಿದ್ದಿದ್ದು, ಕಡೆಗೆ ಊರಿನ ಯಾರದೋ ಕೋಳಿಗೂಡಿಗೇ ಸೇರಿತಂತೆ.